ಹನ್ನೊಂದು ಗುರಿಗೆ ಹಾಳೆಗಳು

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಅವರು ಉದ್ದ ಬಿಡುತ್ತಿದ್ದರು. ಉಳಿದ ಒಂಬತ್ತೂ ಚೊಕ್ಕಟವಾಗಿ ಕತ್ತರಿಸಿರುತ್ತಿದ್ದವು. ಹೂವಿನ ಕೊಳವೆಯನ್ನು ಆ ಉಗುರಿನಿಂದಲೇ ಉದ್ದಕ್ಕೆ ಸೀಳಿ, ಒಳಗಿನ ಕೇಸರ ಎರಡೋ ನಾಲ್ಕೋ ಎಂದು ಅವರು ಎಣಿಸಿ ಮುಗಿಸುವಷ್ಟರಲ್ಲಿ ನಾನಿನ್ನೂ ಬ್ಲೇಡು ಹುಡುಕುತ್ತಿರುತ್ತಿದ್ದೆ. ಏಳೆಂಟು ವರ್ಷಕ್ಕೊಮ್ಮೆ ಗುರಿಗೆ ಎಂಬ ಕಾಡುಪೊದೆ ಹೂ ಬಿಟ್ಟಾಗ ಆ ಉಗುರಿನ ಸಂದಿಯಲ್ಲಿ ನೇರಳೆ ಕಲೆ ಹೋಗುತ್ತಲೇ ಇರಲಿಲ್ಲ. ನನಗೆ ಆ ಕಲೆಯ ಮೇಲೂ ಹೊಟ್ಟೆಕಿಚ್ಚು.

ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು ನಾವಿಬ್ಬರೇ. ಅವರು ನನಗಿಂತ ಹನ್ನೆರಡು ವರ್ಷ ಹಿರಿಯರು, ತೀರ್ಥಹಳ್ಳಿ ಕಡೆಯ ಮೇಳಿಗೆಯವರು, ಎಲ್ಲರಿಗೂ 'ದೊಡ್ಡ ಮೇಡಂ'. ನಾನು ಹೊಸನಗರದವಳು. ಅವರದು ಎಂ.ಎಸ್ಸಿ. ಮಾತ್ರ, ನನ್ನದು ಪಿಎಚ್.ಡಿ. ಆದರೂ ನಾನು 'ಸಣ್ಣ ಮೇಡಂ'. ಹುಡುಗರು ಗಿಡ ಹಿಡಿದುಕೊಂಡು ನನ್ನ ಮೂಗಿನ ಮುಂದೆಯೇ ಹಾದು ಅವರ ಮೇಜಿಗೆ ಹೋಗುತ್ತಿದ್ದರು. ಅವರೋ ಕೇಳಿದ ಕೂಡಲೇ ಹೆಸರು ಹೇಳುವವರಲ್ಲ. "ಮೊದ್ಲು ಕಣ್ಣು ಬಿಟ್ಟು ನೋಡಾ ಮಾರಾಯ, ಹೆಸ್ರು ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಿದ್ದರು.

ಹುಂಚಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೂಡ ಅವರ ಪಕ್ಷವೇ. "ಮೇಡಂ, ಮುಂದಿನ ತಿರುವಲ್ಲಿ ನಿಮ್ ಗುರಿಗೆ ಹೂ ಬಿಟ್ಟಿದೆ, ನಿಲ್ಲಿಸ್ಲಾ?" ಎಂದು ಅವನಾಗಿಯೇ ಕೇಳಿ ಸೀಟಿ ಊದಿದ. ಅವರು ಇಳಿದು, ಪೊದೆಯನ್ನು ಸುತ್ತು ಹಾಕಿ, ಎರಡು ಕೊಂಬೆ ಕತ್ತರಿಸಿ ತರುವವರೆಗೆ ಬಸ್ಸು ತುಂಬ ಜನ ಗೊಣಗದೆ ಕೂತಿದ್ದರು. ಮರುವಾರ ನಾನೊಬ್ಬಳೇ ಹೋಗಿ ಅದೇ ತಿರುವಿನಲ್ಲಿ ಎದ್ದು ನಿಂತೆ. "ಇಲ್ಲಿ ಸ್ಟಾಪ್ ಇಲ್ಲ ಮೇಡಂ, ಕೂತ್ಕಳಿ" ಎಂದ.

ಹೀಗೆ ವರ್ಷಗಟ್ಟಲೆ ಕೂಡಿಸಿದ ಗುರಿಗೆಯ ಕೊಂಬೆಗಳನ್ನು ಅವರು ಒಣಗಿಸಿ, ದಪ್ಪ ಹಾಳೆಗಳಿಗೆ ಹೊಲಿದಿಟ್ಟಿದ್ದರು. ಒಟ್ಟು ಹನ್ನೊಂದು ಹಾಳೆ. ಪ್ರತಿ ಹಾಳೆಯ ಮೂಲೆಯಲ್ಲಿ, ಉದುರಿದ ಹೂವು ಬೀಜ ಹಾಕಿಡಲು ಒಂದು ಪುಟ್ಟ ಕಾಗದದ ಪೊಟ್ಟಣ. ಕೆಳಗೊಂದು ಚೀಟಿ: ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ಗುರುತಿಸಿದವರ ಹೆಸರು. ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿದೆ. ಮುಂದೆ ಗಿಡದ ಹೆಸರು ಬದಲಾದರೆ ಹೊಸ ಚೀಟಿಯನ್ನು ಪಕ್ಕದಲ್ಲಿ ಅಂಟಿಸಬೇಕು, ಹಳೆಯದನ್ನು ಕೀಳಬಾರದು. ಯಾರು ಯಾವಾಗ ಏನೆಂದುಕೊಂಡಿದ್ದರು ಎಂಬುದು ಹಾಳೆಯ ಮೇಲೆ ಉಳಿಯಬೇಕು.

ಒಮ್ಮೆ ನಾನು ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದೆ. ಗುರಿಗೆಯ ಜಾತಿಗಳೆಲ್ಲ ಸ್ಟ್ರೊಬಿಲ್ಯಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿದವು ಎಂದು ನಾವು ಓದಿದ್ದೆವು. ಕೇಸರ, ಪರಾಗ, ಬೀಜ ನೋಡಿ ಅದನ್ನು ಹಲವು ಕುಲಗಳಾಗಿ ಒಡೆದಿರುವ ಪುಸ್ತಕ ನನ್ನ ಕೈಯಲ್ಲಿತ್ತು. ಅದರ ಪ್ರಕಾರ ನಮ್ಮ ಹಾಳೆಗಳಲ್ಲಿದ್ದದ್ದು ನೀಲ್ಗಿರಿಯಾಂಥಸ್. ಹುಡುಗರು ತುಂಬಿದ್ದ ಲ್ಯಾಬಿನಲ್ಲೇ ಹೇಳಿದೆ, "ಮೇಡಂ, ನೀವು ಬರೆದದ್ದು ಹಳತಾಯ್ತು."

ಅವರು ಪುಸ್ತಕ ತಿರುವಿ ನೋಡಿ ನಕ್ಕರು. "ಹೌದಲ್ಲೇ! ಪಾಲು ಮಾಡಿ ಹಂಚಿಬಿಟ್ಟಿದಾರೆ. ನಿಂದೊಂದು ಚೀಟಿ ಅಂಟ್ಸು. ನಂದು ಅಲ್ಲೇ ಇರ್ಲಿ."

ಅವರ ಮುಖ ಬಾಡುತ್ತದೆ ಎಂದು ಕಾದಿದ್ದೆ. ಬಾಡಲಿಲ್ಲ. ಹುಡುಗರೂ ಅವರ ಜೊತೆ ನಕ್ಕರು.

ಬೇಸಿಗೆ ರಜೆಯಲ್ಲಿ ಅವರು ಪರೀಕ್ಷೆಯ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದರು. ಒಂದು ಮಧ್ಯಾಹ್ನ ವಿಭಾಗದಲ್ಲಿ ನಾನೊಬ್ಬಳೇ ಇದ್ದೆ. ಒದ್ದೆ ಹತ್ತಿಯಿಟ್ಟು ಅಂಟು ನೆನೆಸಿ, ಅವರ ಹನ್ನೊಂದು ಚೀಟಿಗಳನ್ನೂ ಎಬ್ಬಿಸಿ, ರಜೆ ಮುಗಿಯುವವರೆಗೆ ಯಾರೂ ಖಾಲಿ ಮಾಡದ ಕಸದ ಬುಟ್ಟಿಗೆ ಹಾಕಿದೆ. ಆ ಜಾಗದಲ್ಲೇ ನನ್ನ ಚೀಟಿ ಅಂಟಿಸಿದೆ. ಗಿಡದ ಹೆಸರು ತಿದ್ದಬೇಕೆಂದಲ್ಲ, ಅದಕ್ಕೆ ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಆ ಹಾಳೆಗಳ ಮೇಲೆ ಅವರ ಹೆಸರು ಇರಬಾರದಿತ್ತು, ಅಷ್ಟೆ.

ವಾಪಸು ಬಂದ ದಿನ ಅವರು ಬೀರು ತೆಗೆದು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕೊನೆಯ ಹಾಳೆಯನ್ನು ಒಳಗಿಟ್ಟು, "ಅಂಟು ಚೆನ್ನಾಗಿ ಹಾಕಿದೀಯ" ಎಂದರು. ಆಮೇಲೆ ಚಹಾ ಕುಡಿಯಲು ಕರೆದರು.

ಅವರು ನಿವೃತ್ತರಾಗಿ ಮೇಳಿಗೆಗೆ ಹೋದರು, ನಾನು ವಿಭಾಗದ ಮುಖ್ಯಸ್ಥೆಯಾದೆ. ಅಷ್ಟರಲ್ಲಿ ವಿಜ್ಞಾನಿಗಳು ಆ ಪಾಲುಪಟ್ಟಿ ನಿಲ್ಲುವುದಿಲ್ಲವೆಂದು ಕುಲಗಳನ್ನೆಲ್ಲ ಮತ್ತೆ ಒಂದುಗೂಡಿಸಿದ್ದರು. ಗುರಿಗೆ ಪುನಃ ಸ್ಟ್ರೊಬಿಲ್ಯಾಂಥಸ್ ಆಯಿತು. ಇದು ನನಗೆ ಗೊತ್ತಾಗಿ ವರ್ಷಗಳಾದರೂ ಆ ಹಾಳೆಗಳನ್ನು ಮುಟ್ಟಲು ಮನಸ್ಸಾಗಲಿಲ್ಲ. ತಿದ್ದಿದರೆ ಅವರು ಗೆದ್ದ ಹಾಗೆ ಎಂದು ನನ್ನ ಲೆಕ್ಕ.

ಕೊನೆಯ ಸಲ ಮೇಳಿಗೆಗೆ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಆ ಉಗುರನ್ನೂ ಯಾರೋ ಕತ್ತರಿಸಿದ್ದರು. "ಕೇಳಿದ್ಯಾ, ಗುರಿಗೆ ಮನೆಯವ್ರು ಮತ್ತೆ ಒಂದಾದ್ರಂತೆ" ಎಂದು ನಕ್ಕರು. ನಾನು ತಲೆ ತಗ್ಗಿಸಿದೆ. "ಹಂಗಂತ ನಿನ್ ಚೀಟಿ ಕಿತ್ ಬಿಸಾಕ್ಬೇಡ ಮಾರಾಯ್ತಿ. ಅದೂ ಇರ್ಲಿ." ನಾನು ಅವರ ಹೊದಿಕೆ ಸರಿಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುರಿಗೆಯ ಮೇಲೆ ಸಂಶೋಧನೆ ಮಾಡಲು ಹಾಳೆಗಳನ್ನು ನೋಡಬೇಕೆಂದು ಬಂದಳು. ನೋಡುತ್ತಾ ಕೇಳಿದಳು, "ಮೇಡಂ, ದೊಡ್ಡ ಮೇಡಂ ಚೀಟಿ ಒಂದೂ ಇಲ್ವಲ್ಲ?"

"ಹಳೇ ಅಂಟು. ಒಣಗಿ ಬಿದ್ದು ಹೋಗಿರ್ಬೇಕು" ಎಂದೆ.

ಅವಳು ಬೀಜ ನೋಡಲು ಮೂಲೆಯ ಪೊಟ್ಟಣ ಬಿಚ್ಚಿದಳು. ಒಳಗೆ ಮಡಿಸಿಟ್ಟ ಚೀಟಿ ಇತ್ತು. ಒದ್ದೆಯಾಗಿ ಶಾಯಿ ಹರಡಿದ, ನಾನು ಬುಟ್ಟಿಗೆ ಹಾಕಿದ್ದ ಅದೇ ಚೀಟಿ. ಹಿಂಬದಿಯಲ್ಲಿ ಅವರ ಕೈಬರಹ: 'ಅಂಟು ಬಿಟ್ಟು ತಾನಾಗಿ ಬಿದ್ದಿತ್ತು. ಇಲ್ಲಿ ಇಟ್ಟಿದ್ದೇನೆ.' ಹನ್ನೊಂದು ಪೊಟ್ಟಣದಲ್ಲೂ ಹನ್ನೊಂದು ಚೀಟಿ.

"ನೀವು ಹೇಳ್ದಂಗೇ ಬರ್ದಿದಾರೆ ಮೇಡಂ" ಎಂದಳು ಹುಡುಗಿ.

ನನ್ನ ಸುಳ್ಳನ್ನು ನನಗಿಂತ ಮೊದಲೇ, ನನಗೋಸ್ಕರ ಹೇಳಿಟ್ಟು ಹೋಗಿದ್ದರು. ನಿಜ ಹೇಳಿಬಿಡುತ್ತೇನೆ: ಅಳು ಬರುವ ಮೊದಲು ನನಗೆ ಹೊಟ್ಟೆ ಉರಿಯಿತು. ಇದರಲ್ಲೂ ಅವರೇ ಮುಂದೆ.

ಮರುದಿನ ಅವರ ಚೀಟಿಗಳನ್ನು, ಎತ್ತಿದರೆ ಹಿಂಬದಿಯೂ ಕಾಣುವಂತೆ ಒಂದೇ ಅಂಚಿಗೆ ಅಂಟು ಹಾಕಿ, ಹಾಳೆಗೆ ಮರಳಿ ಅಂಟಿಸಿದೆ. ನನ್ನದನ್ನು ಕೀಳಲಿಲ್ಲ. ಪಕ್ಕದಲ್ಲಿ ಮೂರನೆಯದೊಂದು ಸೇರಿಸಿದೆ: 'ಸ್ಟ್ರೊಬಿಲ್ಯಾಂಥಸ್. ಮೊದಲು ಗುರುತಿಸಿದವರದ್ದೇ ಸರಿ. ಅವರ ಚೀಟಿ ತಾನಾಗಿ ಬಿದ್ದದ್ದಲ್ಲ, ನಾನು ಕಿತ್ತದ್ದು.' ಕೆಳಗೆ ನನ್ನ ಹೆಸರು, ತಾರೀಖು. ಹನ್ನೊಂದಕ್ಕೂ ಅಂಟು ಚೆನ್ನಾಗಿ ಹಾಕಿದ್ದೇನೆ.