ದಿಬ್ಬೂರಹಳ್ಳಿಯ ಹುಳುಮನೆಯಲ್ಲಿ ಕಂಡ ಹಸಿರು ಬೆಳಕು

ಕೋವಿಡ್ಡಿನ ಮಾಸ್ಕುಗಳು ಮೂಗಿನಿಂದ ಇಳಿದು ಒಂದೆರಡು ವರ್ಷವಾಗಿತ್ತು. ನಾನು ಆಗ ಚಿಕ್ಕಬಳ್ಳಾಪುರದ ಕಡೆಯ ಒಂದು ವಿಶ್ವವಿದ್ಯಾಲಯದ ಬಯೋಲಾಜಿಕಲ್ ಮೈಕ್ರೋಟೆಕ್ನಾಲಜಿ ಲ್ಯಾಬಿನಲ್ಲಿ ಹಿರಿಯ ತಾಂತ್ರಿಕ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಯಂತ್ರಗಳನ್ನು ನೋಡಿಕೊಳ್ಳುವುದು, ವಿದ್ಯಾರ್ಥಿಗಳು ಅವನ್ನು ಕೆಡಿಸಿದಾಗ ಬೈಯುವುದು, ಬೈದ ಮೇಲೆ ನಾನೇ ಕೂತು ಸರಿಮಾಡುವುದು. ನನ್ನ ಊರು ಚಿಂತಾಮಣಿ, ಅಪ್ಪ ಶಾಲಾ ಮೇಷ್ಟ್ರು. ರೇಷ್ಮೆ ಸೀಮೆಯಲ್ಲೇ ಹುಟ್ಟಿ ಬೆಳೆದರೂ ಆ ವಯಸ್ಸಿನವರೆಗೆ ರೇಷ್ಮೆ ಹುಳುವನ್ನು ಕೈಯಲ್ಲಿ ಹಿಡಿದವಳಲ್ಲ.

ಲ್ಯಾಬ್ ಎಂದರೆ ಜನ ಬಿಳಿ ಕೋಟು, ಗಾಜಿನ ಬುರುಡೆ ಎಂದುಕೊಳ್ಳುತ್ತಾರೆ. ನಮ್ಮದು ಹೆಚ್ಚುಕಡಿಮೆ ಅಚ್ಚು ಹಾಕುವ ಕಾರ್ಖಾನೆ. ಸಿಲಿಕಾನ್ ಬಿಲ್ಲೆಯ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳ ಅಚ್ಚು ಮಾಡಿ, ಅದರ ಮೇಲೆ ಪಾರದರ್ಶಕವಾದ ಸಿಲಿಕೋನ್ ರಬ್ಬರ್ ಸುರಿದು, ಓವನ್ನಿನಲ್ಲಿ ಗಟ್ಟಿಮಾಡಿ ಬಿಡಿಸಿದರೆ ಅಂಚೆಚೀಟಿಯಷ್ಟು ಅಗಲದ ಚಿಪ್ ಸಿಗುತ್ತದೆ. ಆ ಗೆರೆಗಳೇ ಕಾಲುವೆಗಳು. ಒಂದು ತೊಟ್ಟು ದ್ರವ ಅವುಗಳೊಳಗೆ ಹರಿದು ಹೋಗುವಾಗ ಅದರಲ್ಲೇನಿದೆ ಎಂದು ನೋಡುವುದು ನಮ್ಮ ವಿದ್ಯೆ. ಅಷ್ಟು ಸಣ್ಣ ಕಾಲುವೆಯಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ದಿನದ ಕೆಲಸ ಕೆಟ್ಟಿತು. ಹಾಗಾಗಿ ನಮ್ಮವರಿಗೆ ಧೂಳೆಂದರೆ ಬದ್ಧ ದ್ವೇಷ. ನಾನಂತೂ ಮನೆಯಲ್ಲೂ ಕಸಪೊರಕೆ ಹಿಡಿದವರನ್ನು ಅನುಮಾನದಿಂದ ನೋಡುತ್ತಿದ್ದೆ.

ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಗಂಟುರೋಗದ ಚಿಪ್. ರೇಷ್ಮೆ ಹುಳುವಿಗೆ ಬರುವ ರೋಗಗಳಲ್ಲಿ ಇದು ತುಂಬ ಕೆಟ್ಟದ್ದು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ, ಒಂದು ಹುಳುವಿನಿಂದ ಮನೆಯ ಹುಳುಗಳಿಗೆಲ್ಲ ಹರಡುತ್ತದೆ, ಬಂದ ಮೇಲೆ ಔಷಧಿಯಿಲ್ಲ. ಸುಟ್ಟುಹಾಕುವುದೊಂದೇ ದಾರಿ. ಸೂಕ್ಷ್ಮದರ್ಶಕದಲ್ಲಿ ಅದರ ಬೀಜಕಣಗಳು ಕಾಣುತ್ತವೆ, ಆದರೆ ಕಡಿಮೆ ಇದ್ದಾಗ ಕಣ್ಣಿಗೆ ತಪ್ಪಿಸಿಕೊಳ್ಳುತ್ತವೆ. ನಮ್ಮ ಚಿಪ್ಪಿನ ಕಾಲುವೆಯಲ್ಲಿ ಆ ಬೀಜಕಣಕ್ಕೆ ಮಾತ್ರ ಅಂಟಿಕೊಳ್ಳುವ ಒಂದು ಪ್ರೊಟೀನು ಇತ್ತು. ಪ್ರೊಟೀನಿಗೆ ಒಂದು ಬಣ್ಣ ಕಟ್ಟಿದ್ದೆವು. ನೀಲಿ ಬೆಳಕು ಬಿಟ್ಟರೆ ಆ ಬಣ್ಣ ಹಸಿರಾಗಿ ಹೊಳೆಯುತ್ತಿತ್ತು. ಹೊಳಪು ಹೆಚ್ಚಿದಷ್ಟೂ ರೋಗ ಹೆಚ್ಚು. ಬೆಳಕು ಬಿಟ್ಟು ಹೊಳಪು ಅಳೆಯುವ ರೀಡರ್ ಒಂದು ಊಟದ ಡಬ್ಬಿಯಷ್ಟಿತ್ತು. ಅದರ ಪ್ಲಾಸ್ಟಿಕ್ ಕವಚವನ್ನು ಕುಡುಮಲಕುಂಟೆಯ ಒಂದು ಕಾರ್ಖಾನೆಯವರು ನಮ್ಮ ಕಾಟ ತಾಳಲಾರದೆ ಮಾಡಿಕೊಟ್ಟಿದ್ದರು.

ಈ ಕೆಲಸ ಮಾಡುತ್ತಿದ್ದವಳು ತಬಸ್ಸುಮ್, ಪಿಎಚ್.ಡಿ.ಯ ಕೊನೆಯ ವರ್ಷದ ವಿದ್ಯಾರ್ಥಿನಿ. ಶಿಡ್ಲಘಟ್ಟದ ಹುಡುಗಿ, ಅಪ್ಪ ಗೂಡಿನಿಂದ ನೂಲು ತೆಗೆಯುವ ರೀಲರ್. ರೇಷ್ಮೆಯ ಬಗ್ಗೆ ಅವಳಿಗೆ ಗೊತ್ತಿಲ್ಲದ್ದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅವಳಿಗೆ ಗೊತ್ತಿದ್ದದ್ದು ಗೂಡು ಮಾರುಕಟ್ಟೆಗೆ ಬಂದ ಮೇಲಿನ ರೇಷ್ಮೆ. ಅದಕ್ಕೆ ಹಿಂದಿನದ್ದು ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಬೇಕಾದ ಹುಳುಗಳನ್ನು ನಾವು ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿ, ಕೈಗವಸು ಹಾಕಿಕೊಂಡು, ಸೊಪ್ಪನ್ನು ಚಿಮುಟದಲ್ಲಿ ಹಿಡಿದು ಸಾಕುತ್ತಿದ್ದೆವು. ಆ ಹುಳುಗಳ ಮೇಲೆ ಚಿಪ್ ಒಂದು ಸಲವೂ ತಪ್ಪಿರಲಿಲ್ಲ.

ಹೊರಗಿನ ಮೊದಲ ಪರೀಕ್ಷೆಗೆ ಒಪ್ಪಿದವರು ದಿಬ್ಬೂರಹಳ್ಳಿಯ ಮುನಿಲಕ್ಷ್ಮಮ್ಮ. ಅವರದು ಚಾಕಿ ಕೇಂದ್ರ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತನ್ನು ಅಲ್ಲಿ ಜ್ವರ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳವರು ಅವರ ಹುಳುವನ್ನೇ ಕೇಳಿ ಒಯ್ಯುತ್ತಿದ್ದರು. ಬೇರೆ ಬೇರೆ ಕಡೆಯಿಂದ ತಂದ ಮೊಟ್ಟೆಗಳ ಹುಳುಗಳು, ಲಾಟ್ ಲಾಟಾಗಿ, ಗೋಡೆಯುದ್ದಕ್ಕೂ ಜೋಡಿಸಿದ ತಟ್ಟೆಗಳಲ್ಲಿದ್ದವು. ತಬಸ್ಸುಮ್ ಪ್ರತಿ ಲಾಟಿನಿಂದಲೂ ಹುಳು ತಂದು ಅರೆದು ಚಿಪ್ಪಿಗೆ ಬಿಟ್ಟಳು.

ಎಲ್ಲವೂ ಹಸಿರು.

ಅದೇ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನೂ ಇಲ್ಲ. ನಮ್ಮ ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರ್ ಶ್ರೀಧರ್ ಗಂಭೀರವಾದರು. ಒಳ್ಳೆಯ ಮನುಷ್ಯ, ಅವಸರದ ಸ್ವಭಾವವಲ್ಲ. ಅವರ ವಾದದಲ್ಲೂ ತಿರುಳಿತ್ತು. "ಸೂಕ್ಷ್ಮದರ್ಶಕಕ್ಕೆ ಕಾಣದ್ದು ಕಾಣಲಿ ಅಂತಲೇ ಅಲ್ವೇನ್ರೀ ಇದನ್ನ ಮಾಡಿದ್ದು? ಈಗ ಕಂಡಿದೆ. ನಾಳೆ ಬೆಳಗ್ಗೆ ರೈತರು ಹುಳು ತಗೊಂಡು ಹೋಗ್ತಾರೆ. ಇಲಾಖೆಗೆ ಹೇಳದೆ ಸುಮ್ಮನಿದ್ರೆ ಅಷ್ಟೂ ಮನೆಗೆ ನಾವೇ ರೋಗ ಹಂಚಿದ ಹಾಗೆ."

ಹೇಳಿದರೆ ಮುನಿಲಕ್ಷ್ಮಮ್ಮನ ಹುಳುಗಳೆಲ್ಲ ಬೆಂಕಿಗೆ. ಅದಕ್ಕಿಂತ ಹೆಚ್ಚಾಗಿ, ಗಂಟುರೋಗ ಬಂದಿತ್ತಂತೆ ಎನ್ನುವ ಮಾತು ಒಂದು ಸಲ ಊರೊಳಗೆ ಬಿದ್ದರೆ ಆ ಕೇಂದ್ರಕ್ಕೆ ಮತ್ತೆ ಯಾರು ಬರುತ್ತಾರೆ?

ನನಗೆ ಹುಳು ಗೊತ್ತಿಲ್ಲದಿದ್ದರೂ ಯಂತ್ರಗಳ ಬುದ್ಧಿ ಗೊತ್ತು. ಫಲಿತಾಂಶದ ಗ್ರಾಫನ್ನು ಮತ್ತೆ ಮತ್ತೆ ನೋಡಿದೆ. ಒಂದು ವಿಷಯ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಬೇರೆ ಬೇರೆ ಕಡೆಯ ಮೊಟ್ಟೆ, ಆದರೆ ಹೊಳಪು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ರೋಗ ಹೀಗೆ ಸಮಪಾಲು ಮಾಡಿಕೊಂಡು ಬರುವುದಿಲ್ಲ.

"ಸರ್, ಇವತ್ತೊಂದಿನ ಕೊಡಿ. ರೀಡರ್ ತಗೊಂಡು ನಾನೇ ಹೋಗ್ಬರ್ತೀನಿ," ಎಂದೆ. ಅವರು ಒಪ್ಪಿದರು. ಒಪ್ಪದಿದ್ದರೂ ಹೋಗುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ತಬಸ್ಸುಮ್ ಜೊತೆ ದಿಬ್ಬೂರಹಳ್ಳಿ ತಲುಪಿದೆ. ಮುನಿಲಕ್ಷ್ಮಮ್ಮ ಬಾಗಿಲಲ್ಲೇ ತಡೆದರು. ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿ, ಕೈ ತೊಳೆಸಿ ಒಳಗೆ ಬಿಟ್ಟರು. ಶುಚಿಯ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟಿನ ಹೆಂಗಸನ್ನು ನಾನು ಮೊದಲ ಸಲ ನೋಡಿದ್ದು. ಒಳಗೆ ಮಂದ ಬೆಳಕು. ಹುಳು ಸೊಪ್ಪು ತಿನ್ನುವ ಸಣ್ಣ ಸದ್ದು, ಹಸಿ ಎಲೆಯ ವಾಸನೆ. ನಾನು ಎಷ್ಟೋ ವರ್ಷ ರೇಷ್ಮೆ ಸೀರೆ ಉಟ್ಟವಳು. ಆ ಪುಟ್ಟ ಬೂದು ಬಣ್ಣದ ಜೀವಗಳನ್ನು ನೋಡಿ ಬೆರಗಾಗಿ, ಬಂದ ಕೆಲಸ ಮರೆತು ನಿಂತುಬಿಟ್ಟೆ.

"ಏನಂತೆ ಮೇಡಂ ನಿಮ್ಮ ಮಿಷಿನ್ನು? ಈ ಮಗು ಫೋನ್‌ನಾಗೆ ಸರಿಯಾಗಿ ಹೇಳ್ಲೇ ಇಲ್ಲ," ಎಂದರು ಮುನಿಲಕ್ಷ್ಮಮ್ಮ.

ನಾನು ರೀಡರ್ ಬಿಚ್ಚಿದೆ. ಚಿಪ್ ಇಡುವ ಜಾಗವನ್ನು ಖಾಲಿ ಬಿಟ್ಟು, ಒಳಗಿನ ನೀಲಿ ದೀಪವನ್ನು ಹೊರಗೆ ತಿರುಗಿಸಿ, ಕಣ್ಣಿಗೆ ನೀಲಿಯನ್ನು ತಡೆಯುವ ಕಿತ್ತಳೆ ಬಣ್ಣದ ಫಿಲ್ಟರ್ ಹಿಡಿದುಕೊಂಡು, ಒಂದು ತಟ್ಟೆಯ ಮೇಲೆ ಬೆಳಕು ಬಿಟ್ಟೆ. ಇದು ಯಾವ ವಿಧಾನವೂ ಅಲ್ಲ, ಬರೀ ಕುತೂಹಲ. ತಟ್ಟೆಯ ಅಂಚು ಹಸಿರಾಗಿ ಹೊಳೆಯಿತು. ಹುಳುಗಳ ಬೆನ್ನ ಮೇಲೆ ಅಲ್ಲಲ್ಲಿ ಹಸಿರು ಚುಕ್ಕಿ. ಪಕ್ಕದಲ್ಲಿ ಹುಳುವೇ ಇಲ್ಲದ ಖಾಲಿ ತಟ್ಟೆಯಿತ್ತು. ಅದೂ ಹೊಳೆಯಿತು. ದೀಪ ಇನ್ನಷ್ಟು ತಿರುಗಿಸಿದೆ. ಮುನಿಲಕ್ಷ್ಮಮ್ಮನ ಎರಡೂ ಕೈ, ಉಗುರಿನ ಸಂದಿಯವರೆಗೆ, ಹಸಿರು ಹಸಿರು.

ಫಿಲ್ಟರನ್ನು ಅವರ ಕಣ್ಣಿಗೂ ಹಿಡಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ ಶಿವನೇ! ನನಗೇ ಬಂದೈತಾ ರೋಗ?"

"ಕೈಗೆ ಏನು ಹಚ್ಕೊಂಡಿದೀರಮ್ಮ?"

"ಏನೂ ಇಲ್ವಲ್ಲ. ಸೊಪ್ಪು ಹಾಕೋಕ್ ಮುಂಚೆ ಪಸುಪು ನೀಳ್ಳು ಮುಟ್ಕೊಳ್ತೀನಿ, ಅಷ್ಟೇ. ತಟ್ಟೆಗೂ ಚಿಮುಕಿಸ್ತೀನಿ. ನಮ್ಮತ್ತೆ ಕಾಲದಿಂದ ಮಾಡ್ಕೊಂಡು ಬಂದಿರೋದು." ತೆಲುಗಿನ ಪಸುಪು ನೀಳ್ಳು ಎಂದರೆ ಅರಿಶಿನದ ನೀರು. ಮೂಲೆಯಲ್ಲಿ, ಬೇವಿನ ಕಡ್ಡಿ ಇಟ್ಟ ಒಂದು ತಂಬಿಗೆ ಇತ್ತು.

ಅರಿಶಿನಕ್ಕೆ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಗುಣವಿದೆ. ಓದಿನಲ್ಲಿ ಗೊತ್ತಿದ್ದ ಸಂಗತಿಯೇ. ಹುಳುವಿನ ಜೊತೆ ಅದರ ಮೈಮೇಲಿನ ಅರಿಶಿನವನ್ನೂ ಅರೆದು ಚಿಪ್ಪಿಗೆ ಬಿಟ್ಟಿದ್ದೆವು. ನನಗೆ ಖುಷಿಯಿಂದ ನಗು ತಡೆಯಲಾಗಲಿಲ್ಲ. ವಿಷಯ ತಿಳಿದ ಮುನಿಲಕ್ಷ್ಮಮ್ಮನೂ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರೆ ನಾಳೆ ರೈತರು ಬರ್ಲಿ ಅನ್ನಣ. ಕಾಫಿ ಮಾಡ್ತೀನಿ ಇರಿ," ಎಂದು ಹೊರಟರು.

ತಬಸ್ಸುಮ್ ಮಾತ್ರ ನಗಲಿಲ್ಲ.

"ಮೇಡಂ, ಅರಿಶಿನ ಇದೆ ಅಂದ್ರೆ ರೋಗ ಇಲ್ಲ ಅಂತ ಆಗಲ್ಲ ಅಲ್ವಾ? ಅದರ ಬೆಳಕಿನ ಹಿಂದೆ ಇನ್ನೊಂದು ಇದ್ರೆ?"

ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತರು. ಮುಖ ಕೆಂಪಾಯಿತು. "ಏನಮ್ಮ ನೀನು! ನಮ್ಮ ಸೀಮೆ ಹುಡುಗಿ ಅಂತ ಮನೆಯೊಳಗೆ ಬಿಟ್ಕೊಂಡ್ರೆ, ರೋಗ ಇರ್ಲಿ ಅಂತ ಬೇಡ್ಕೊಳ್ಳೋ ಹಂಗೆ ಮಾತಾಡ್ತೀಯ!"

ತಬಸ್ಸುಮ್‌ಳ ಕಣ್ಣು ತುಂಬಿ ಬಂತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. "ಇಲ್ಲ ಅಂತಾನೇ ಬೇಡ್ಕೊಳ್ತಿದೀನಿ ಅಮ್ಮ. ಆದ್ರೆ ನೋಡ್ದೆ ಹೇಳೋಕಾಗಲ್ಲ. ಇನ್ನೊಂದ್ಸಲ ಹುಳು ಕೊಡಿ."

ಮುನಿಲಕ್ಷ್ಮಮ್ಮ ತಟ್ಟೆಗಳ ಕಡೆ ತಿರುಗಿದರು. ಒಂದೊಂದು ಲಾಟಿನಿಂದ ಹುಳು ಎತ್ತಿ ಡಬ್ಬಿಗೆ ಹಾಕಿಕೊಟ್ಟರು. ಕಾಫಿ ಬರಲಿಲ್ಲ.

ಲ್ಯಾಬಿಗೆ ಮರಳಿ ಕೆಲಸಕ್ಕೆ ಕೂತೆವು. ಅರಿಶಿನವನ್ನು ಓಡಿಸುವ ಉಪಾಯ ನಮ್ಮ ಎಲ್ಲರ ಮನೆಯಲ್ಲೂ ಇದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಅದು ಕೆಂಪಾಗುತ್ತದೆ. ಸುಣ್ಣದಂಥ ಕ್ಷಾರ ಸೇರಿದರೆ ಅರಿಶಿನದ ಹಸಿರು ಹೊಳಪು ಹೆಚ್ಚುಕಡಿಮೆ ಸತ್ತುಹೋಗುತ್ತದೆ. ಗಂಟುರೋಗದ ಬೀಜಕಣದ ಕವಚ ಗಟ್ಟಿ, ಹದವಾದ ಕ್ಷಾರಕ್ಕೆ ಬಗ್ಗುವುದಿಲ್ಲ. ಸೂಕ್ಷ್ಮದರ್ಶಕದ ಹಳೆಯ ವಿಧಾನದಲ್ಲಿ ಹುಳುವನ್ನು ಕ್ಷಾರದಲ್ಲೇ ಅರೆಯುತ್ತಾರೆ. ನಾವು ಬುದ್ಧಿವಂತರು, ಚಿಪ್ಪಿನ ಪ್ರೊಟೀನಿಗೆ ತೊಂದರೆಯಾದೀತೆಂದು ಆ ಹಂತವನ್ನು ಬಿಟ್ಟಿದ್ದೆವು. ಈಗ ಕ್ಷಾರದಲ್ಲಿ ಅರೆದು, ಹಲವು ಸಲ ತೊಳೆದು, ಆಮೇಲೆ ಚಿಪ್ಪಿಗೆ ಬಿಟ್ಟೆವು. ಪ್ರೊಫೆಸರ್ ಶ್ರೀಧರ್ ಬಂದು ಹಿಂದೆ ನಿಂತರು.

ಮೊದಲನೆಯ ಲಾಟ್ ಕತ್ತಲು. ಎರಡನೆಯದೂ ಕತ್ತಲು. ಲ್ಯಾಬಿನಲ್ಲಿ ಕತ್ತಲು ನೋಡಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಹೀಗೆ ಒಂದೊಂದೇ ದಾಟಿ ಬರುವಾಗ ಒಂದು ಲಾಟ್ ಮಾತ್ರ ಹೊಳೆಯಿತು. ಮತ್ತೆ ತೊಳೆದೆವು. ಹೊಳೆಯಿತು. ತಬಸ್ಸುಮ್ ಅದೇ ಹುಳುವಿನ ದ್ರವವನ್ನು ಸೂಕ್ಷ್ಮದರ್ಶಕಕ್ಕಿಟ್ಟು, ಕಣ್ಣು ತೆಗೆಯದೆ ಹುಡುಕಿದಳು. ಕೊನೆಗೆ ಎದ್ದು ನನಗೆ ಜಾಗ ಬಿಟ್ಟಳು. ಅಂಡಾಕಾರದ, ಮಿರುಗುವ ಎರಡು ಕಾಳುಗಳು ಅಲ್ಲಿದ್ದವು, ಗಂಟುರೋಗದ ಬೀಜಕಣಗಳು.

ಅವಳಿಗಿದು ದೊಡ್ಡ ಗೆಲುವು. ಚಿಪ್ ನಿಜಕ್ಕೂ ಸೂಕ್ಷ್ಮದರ್ಶಕಕ್ಕಿಂತ ಮೊದಲೇ ರೋಗವನ್ನು ಕಂಡಿತ್ತು. ಅವಳು ಮಾತ್ರ ಮುಖ ಮುಚ್ಚಿಕೊಂಡು, "ಆ ಅಮ್ಮನಿಗೆ ಹೆಂಗೆ ಹೇಳೋದು ಮೇಡಂ?" ಎಂದಳು.

ಬೆಳಗ್ಗೆ ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರನ್ನು ಕರೆದುಕೊಂಡು ದಿಬ್ಬೂರಹಳ್ಳಿಗೆ ಹೋದೆವು. ರೈತರು ಆಗಲೇ ಅಂಗಳದಲ್ಲಿ ಸೇರಿದ್ದರು. ಮುನಿಲಕ್ಷ್ಮಮ್ಮನನ್ನು ಒಳಗೆ ಕರೆದು ಹೇಳೋಣವೆಂದು ನಾನು ಅಂದುಕೊಂಡಿದ್ದೆ. ತಬಸ್ಸುಮ್ ನೇರವಾಗಿ ಹೋಗಿ ಅವರ ಕೈ ಹಿಡಿದು, ಯಾವ ಲಾಟ್ ಎಂದು ಮೆಲ್ಲಗೆ ಹೇಳಿದಳು. ಅಧಿಕಾರಿಯೂ ಪರೀಕ್ಷಿಸಿ ಹೌದೆಂದರು. ಮಿಕ್ಕ ಲಾಟುಗಳಿಗೆ ಹರಡಿಲ್ಲವೆಂದು ನೋಡಿ, ಗೂಡು ಕಟ್ಟುವವರೆಗೆ ನಿಗಾ ಇಡಬೇಕೆಂಬ ಷರತ್ತಿನ ಮೇಲೆ ಅವನ್ನು ಹಂಚಲು ಒಪ್ಪಿದರು.

ಮುನಿಲಕ್ಷ್ಮಮ್ಮ ಅಳಲಿಲ್ಲ, ಮುಚ್ಚಿಡಲೂ ಇಲ್ಲ. ಆ ಲಾಟಿನ ತಟ್ಟೆಗಳನ್ನು ತಾವೇ ಹೊತ್ತು ಅಂಗಳದ ನಡುವೆ ಇಟ್ಟರು. "ನೋಡ್ರಪ್ಪ, ಇದರಾಗೆ ಗಂಟುರೋಗ ಐತೆ. ಇದನ್ನ ಸುಡ್ತೀನಿ. ಮಿಕ್ಕಿದ್ದು ಈ ಹುಡುಗಿ ಚೆನ್ನಾಗೈತೆ ಅಂತಾಳೆ. ಅವಳ ಮಾತು ನಂಬೋರು ತಗೊಂಡೋಗಿ, ಇಲ್ದೋರು ಬೇಡ." ಹುಳುಗಳಿಗೆ ಬೆಂಕಿ ಇಡುವಾಗ ಮಾತ್ರ ಮುಖ ತಿರುಗಿಸಿಕೊಂಡರು.

ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ಹಂಚಿದ ಹುಳುಗಳನ್ನು ಗೂಡು ಕಟ್ಟುವವರೆಗೂ ನಾವು ಮತ್ತೆ ಮತ್ತೆ ಪರೀಕ್ಷಿಸಿದೆವು. ಒಂದು ಮನೆಯಲ್ಲೂ ರೋಗ ಕಾಣಲಿಲ್ಲ.

ಆ ಬೆಳಗ್ಗೆ ಹೊರಡುವಾಗ ನಾನು ಸ್ವಲ್ಪ ಅಧಿಕಪ್ರಸಂಗ ಮಾಡಿ, ಇನ್ನು ಮೇಲೆ ಅರಿಶಿನ ಹಾಕದಿದ್ದರೆ ಪರೀಕ್ಷೆ ಸುಲಭ ಎಂದೆ. ಮುನಿಲಕ್ಷ್ಮಮ್ಮ ನನ್ನ ಕಡೆ ನೋಡಲೇ ಇಲ್ಲ. ತಬಸ್ಸುಮ್‌ಗೆ ಹೇಳಿದರು: "ಅರಿಶಿನ ನಾನು ಬಿಡಲ್ಲ ಕಣಮ್ಮ. ನಿನ್ನ ಮಿಷಿನ್ನು ಅದಕ್ಕೆ ಒಗ್ಗಿಸ್ಕೋ. ಮುಂದಿನ ಬೆಳೆಗೂ ನೀನೇ ಬರ್ಬೇಕು."

ಕಾರಣ ಗೊತ್ತಾಯಿತೆಂದು ನಾನು ನಕ್ಕ ಕ್ಷಣದಲ್ಲೇ ನನ್ನ ಕುತೂಹಲ ಮುಗಿದಿತ್ತು. ತಬಸ್ಸುಮ್‌ಳದ್ದು ಅಲ್ಲಿಂದ ಶುರುವಾಯಿತು. ಸಿಕ್ಕಿದ ಕಾರಣವನ್ನು ಪಕ್ಕಕ್ಕೆ ತೆಗೆದಿಟ್ಟು ಇನ್ನೇನು ಉಳಿದಿದೆ ಎಂದು ನೋಡುವುದೇ ಈ ಕೆಲಸ ಎಂದು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು, ಅದೂ ಅವಳು ಕಲಿಸಿದ್ದು. ಆ ಚಿಪ್ಪನ್ನು ಬಳಸುವ ವಿಧಾನದಲ್ಲಿ ಈಗ ಕ್ಷಾರದ ಹಂತವೇ ಮೊದಲು. ಹೊಸ ವಿದ್ಯಾರ್ಥಿಗಳು ಏಕೆ ಎಂದು ಕೇಳಿದರೆ ತಬಸ್ಸುಮ್ ಪಾಠ ಹೇಳುವುದಿಲ್ಲ. ಗಾಡಿ ಹತ್ತಿಸಿಕೊಂಡು ದಿಬ್ಬೂರಹಳ್ಳಿಗೆ ಕರೆದೊಯ್ಯುತ್ತಾಳೆ.