ಎರಡನೇ ಗೇರಿನಲ್ಲಿ ಎಂಟು ಸಾವಿರ

ಭಾನುವಾರ ಬೆಳಿಗ್ಗೆ ಚಟ್ನಿ ರುಬ್ಬುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಮಿಕ್ಸಿಯ ಗುಂಡಿಯ ಸುತ್ತ ಒಂದು, ಎರಡು, ಮೂರು ಎಂದು ಬರೆದಿದೆ. ಮೂರನ್ನು ಯಾಕೆ ಬರೆದರೋ ನನಗೆ ತಿಳಿಯದು. ಎರಡು ದಾಟಿದರೆ ನನಗೆ ಸುಟ್ಟ ವಾಸನೆ ಬರುತ್ತದೆ. ಹೆಂಡತಿಗೆ ಬರುವುದಿಲ್ಲವಂತೆ. ಅವಳ ಮೂಗನ್ನು ನಾನು ಪೂರ್ತಿ ನಂಬಿಲ್ಲ.

ಮೊನ್ನೆ ರುಬ್ಬುತ್ತಿರುವಾಗಲೇ ಭಾವನ ಫೋನು ಬಂತು. ಭಾವ ಎಂದರೆ ಹೆಂಡತಿಯ ಅಣ್ಣ. ಕೈಯೆಲ್ಲ ಕಾಯಿತುರಿ, ಸ್ಪೀಕರಿಗೆ ಹಾಕಿದೆ.

"ಎಂತ ಅದು ಸದ್ದು, ಮಿಕ್ಸಿಯಾ?"

"ಹೌದು ಭಾವ."

"ಎರಡರಲ್ಲಿ ಇಟ್ಟಿದ್ದೀಯ."

ಸುಂಟಿಕೊಪ್ಪದ ಆಚೆಯ ತೋಟದಲ್ಲಿ ಕೂತು, ಮಡಿಕೇರಿಯ ನನ್ನ ಅಡುಗೆಮನೆಯ ಗುಂಡಿ ಎಷ್ಟರಲ್ಲಿದೆ ಎಂದು ಹೇಳುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ಇವರ ಕಿವಿ ಎಂಥದ್ದು ಎಂದು ತಿಳಿಯಬೇಕಾದರೆ ಆ ಕೆಂಪು ಕಾರಿನ ವಿಷಯ ಹೇಳಬೇಕು.

ಅದು ಜಪಾನಿನದು. ಎರಡೇ ಸೀಟು, ಬಟ್ಟೆಯ ಮಾಡು, ರಬ್ಬರ್ ಬೀಡಿಂಗ್ ಕಿತ್ತ ಬಾಗಿಲು. ಸೀಟಿನ ಬೆನ್ನಿಗೇ ಇರುವ ಎಂಜಿನ್ನು ತೀರ ಸಣ್ಣದು. ಆದರೆ ಅದು ನಿಮಿಷಕ್ಕೆ ಎಂಟು ಸಾವಿರಕ್ಕೂ ಮೇಲೆ ಸುತ್ತು ತಿರುಗಬಲ್ಲದು, ಮತ್ತು ಆರು ಸಾವಿರ ದಾಟುವವರೆಗೆ ಅದಕ್ಕೆ ನಿದ್ದೆಯೇ ಬಿಡುವುದಿಲ್ಲ. ಭಾವನಿಗಿಂತ ಮೊದಲು ಅದು ಮೈಸೂರಿನ ಒಬ್ಬ ಹಲ್ಲಿನ ಡಾಕ್ಟರದ್ದಾಗಿತ್ತು. ಅವರು ವಾರಕ್ಕೊಮ್ಮೆ ಶೆಡ್ಡಿಗೆ ಹೋಗಿ, ಎಂಜಿನ್ ಚಾಲೂ ಮಾಡಿ, ಒಳಗೆ ಕೂತು ಪೇಪರು ಓದಿ, ಆಫ್ ಮಾಡಿ ಬರುತ್ತಿದ್ದರಂತೆ. ನನ್ನ ಪ್ರಕಾರ ಆ ಕಾರನ್ನು ಸರಿಯಾಗಿ ಅನುಭವಿಸಿದವರು ಅವರೊಬ್ಬರೇ.

ಭಾವನ ಕ್ರಮ ಬೇರೆ. ಎರಡನೇ ಗೇರಿಗೆ ಹಾಕುವುದು, ಏರು ಮುಗಿಯುವ ತನಕ ಬದಲಿಸದೆ ಕೂಗಿಸುವುದು. ಅರವತ್ತರ ಮೇಲೆ ಹೋದವರಲ್ಲ. "ವೇಗ ಎಂತಕ್ಕೆ ಮಾರಾಯ? ವೇಗ ಬೇಕಾದರೆ ಬಸ್ಸಿಗೆ ಹೋಗ್ತೇನೆ" ಎನ್ನುತ್ತಿದ್ದರು. ಅವರ ಹೆಂಡತಿಗೆ, ಅವರನ್ನು ನಾನು ಅಕ್ಕ ಎಂದೇ ಕರೆಯುವುದು, ಎಂಜಿನ್ನೂ ಬೇಡ, ಸದ್ದೂ ಬೇಡ. ಸಂತೆಗೆ ಭಾವನ ಜೊತೆ ಅದೇ ಕಾರಿನಲ್ಲಿ ಹೋಗುತ್ತಿದ್ದರು. ಹಿಂದೆ ಸೀಟಿಲ್ಲ, ಮಡಿಲಲ್ಲಿ ತರಕಾರಿ ಬುಟ್ಟಿ. ನೆಂಟರು ಯಾರೂ ಹತ್ತಿ ಕೂತು ತಮ್ಮ ಸೊಸೆಯ ಕತೆ ತೆಗೆಯುವ ಹಾಗಿಲ್ಲ. ಅದೇ ಅವರ ಸುಖ.

ನನ್ನದೋ? ನಾನು ವಾಹನ ವಿಮೆಯ ಸರ್ವೇಯರ್. ಈ ಜಿಲ್ಲೆಯ ತಿರುವುಗಳೆಲ್ಲ ನನಗೆ ಅಲ್ಲಿ ಉರುಳಿದ ಗಾಡಿಗಳ ಹೆಸರಿನಲ್ಲೇ ಪರಿಚಯ. ನೀವು ಮಂಜು ನೋಡಿ ಫೋಟೋ ತೆಗೆಯುವ ಜಾಗ ನನಗೆ "ಹಳದಿ ಪಿಕಪ್ಪು". ಸಮತಟ್ಟಾದ ಅಂಗಳದಲ್ಲೂ ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತು ಹೆಜ್ಜೆ ಹೋಗಿ, ಹಿಂತಿರುಗಿ ಕಲ್ಲನ್ನು ನೋಡುವವನು ನಾನು.

ಅಂಥವನ ಕೈಗೆ ಆ ಕಾರು ಬಂದದ್ದು ಭಾವನ ಎಡ ಮಂಡಿಯ ಆಪರೇಶನ್ ಆದ ವರ್ಷ. ಕ್ಲಚ್ಚು ಒತ್ತಬಾರದು ಎಂದರು ಡಾಕ್ಟರು. ನಡೆಯಬೇಕು ಎಂದೂ ಹೇಳಿದ್ದರು. ಭಾವ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಒಂದು ದಿನ ನನ್ನನ್ನು ಕರೆಸಿ ಕೀಲಿ ಕೊಟ್ಟರು. ಅವರ ಮನೆಯೆದುರು ಗದ್ದೆ, ಗದ್ದೆಯಾಚೆ ಗುಡ್ಡಕ್ಕೆ ಹತ್ತುವ ರಸ್ತೆ. ಅಲ್ಲಿ ಒಬ್ಬ ಕೆಮ್ಮಿದರೆ ಈಚೆ ಜಗಲಿಗೆ ಕೇಳುತ್ತದೆ.

"ಭಾನುವಾರ ಭಾನುವಾರ ಬಂದು ಆ ಏರಿನಲ್ಲಿ ಒಮ್ಮೆ ಎಂಟು ಸಾವಿರ ಮುಟ್ಟಿಸು. ಇಲ್ಲಿ ಕೂತು ಕೇಳ್ತೇನೆ. ಆಗದಿದ್ದರೆ ಹೇಳು, ಮಂಗಳೂರಿನವರು ಒಬ್ಬರು ಕೇಳ್ತಾ ಇದ್ದಾರೆ, ಕೊಟ್ಟುಬಿಡ್ತೇನೆ."

ಅಕ್ಕ ನನ್ನನ್ನು ಅಡುಗೆಮನೆಯ ಹಿಂದೆ ಕರೆದರು. "ಕಾರು ಹೋದರೆ ಇವರು ಆ ಕುರ್ಚಿಯಿಂದ ಇನ್ನು ಏಳೋದಿಲ್ಲ. ಏನಾದರೂ ಮಾಡಿ" ಎಂದರು. ಅದುವರೆಗೆ ಅವರು ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ.

ಮೊದಲ ಭಾನುವಾರ ಮೂರು ಸಾವಿರದವರೆಗೆ ಹೋಗಿ, ದೇವರ ದಯೆಯಿಂದ ವಾಪಸು ಬಂದೆ.

"ಹೋಗಲಿಲ್ಲವಾ ಇನ್ನೂ?" ಎಂದರು ಭಾವ.

"ಹೋಗಿ ಬಂದೆ."

"ಅದು ನೀನಾ? ಹಾಲಿನ ವ್ಯಾನು ಅಂದುಕೊಂಡೆ."

ಎರಡನೇ ಭಾನುವಾರ ನಾನೊಂದು ಉಪಾಯ ಮಾಡಿದೆ. ಏರಿನ ಅರ್ಧದಲ್ಲಿ, ಬಸರಿ ಮರದ ಮರೆಯಲ್ಲಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದೆ, ಚಕ್ರಕ್ಕೆ ಕಲ್ಲು ಕೊಟ್ಟೆ, ನ್ಯೂಟ್ರಲ್ಲಿಗೆ ತಂದು ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದೆ. ಸುತ್ತು ಎಣಿಸುವ ಮುಳ್ಳು ಸುಲಭವಾಗಿ ಎಂಟು ಸಾವಿರ ಮುಟ್ಟಿತು. ಮರದಿಂದ ಎರಡು ಹಕ್ಕಿ ಹಾರಿಹೋದವು. ವೃತ್ತಿಯಲ್ಲಿ ಎಷ್ಟೋ ಜನರ ಸುಳ್ಳು ಹಿಡಿದವನು ನಾನು. ನನ್ನ ಸುಳ್ಳಿನಲ್ಲಿ ಒಂದು ತಪ್ಪೂ ಕಾಣಲಿಲ್ಲ.

ಭಾವ ಕಾಫಿ ಲೋಟ ಕೆಳಗಿಟ್ಟರು. "ನಿಲ್ಲಿಸಿ ಕೂಗಿಸಿದೆಯಲ್ಲ?"

"ಯಾರು ಹೇಳಿದ್ದು?"

"ಕಾರೇ ಹೇಳಿತು. ಭಾರ ಎಳೆಯುವ ಎಂಜಿನ್ನು ಅಷ್ಟು ಸಲೀಸಾಗಿ ಏರ್ತದಾ? ಹತ್ತುವವನ ದನಿ ಬೇರೆ, ಕೂತಲ್ಲೇ ಕೂಗುವವನ ದನಿ ಬೇರೆ." ಹಾಗೆಂದು ತಮ್ಮ ಮಂಡಿಯನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. "ಹೋಗಲಿ ಬಿಡು. ಮಂಗಳೂರಿನವರಿಗೆ ಬರಲಿಕ್ಕೆ ಹೇಳ್ತೇನೆ."

ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಇದನ್ನು ವಿಶೇಷವೆಂದು ಹೇಳುತ್ತಿಲ್ಲ, ಅಡುಗೆಮನೆಯ ಗ್ಯಾಸ್ ಸಿಲಿಂಡರು ಬದಲಿಸಿದ ವಾರವೂ ನನಗೆ ಹಾಗೆಯೇ. ಮುಂದಿನ ಭಾನುವಾರ ಮಧ್ಯಾಹ್ನಕ್ಕೆ ಮಂಗಳೂರಿನವರು ಬರುವವರಿದ್ದರು. ನಾನು ಬೆಳಿಗ್ಗೆಯೇ ಹೋದೆ. ಕಾರು ಹತ್ತಿದರೆ ಪಕ್ಕದ ಸೀಟಿನಲ್ಲಿ ಅಕ್ಕ, ಮಡಿಲಲ್ಲಿ ಖಾಲಿ ಬುಟ್ಟಿ.

"ನಡೀರಿ" ಎಂದರು.

ಏರು ಶುರುವಾಯಿತು. ಎರಡನೇ ಗೇರು. ನಾಲ್ಕು ಸಾವಿರ, ಐದು ಸಾವಿರ. ನನ್ನ ಕೈ ತಾನಾಗಿ ಮೂರನೇ ಗೇರಿಗೆ ಹೊರಟಿತು. ಅಕ್ಕ ಗೇರಿನ ಗುಂಡಿಯ ಮೇಲೆ ಬುಟ್ಟಿ ಇಟ್ಟರು.

"ಇನ್ನೂ ಉಂಟು."

"ಅಕ್ಕ, ಎಂಜಿನ್ನು ಒಡೀತದೆ."

"ಒಡೆದರೆ ನಡೆದು ಹೋಗುವ. ಕಾಲು ತೆಗೀಬೇಡಿ."

ಆರು ಸಾವಿರದಲ್ಲಿ ದನಿ ಬದಲಾಯಿತು. ಅಲ್ಲಿಯವರೆಗೆ ಗೊಣಗುತ್ತಿದ್ದದ್ದು ಒಮ್ಮೆಲೇ ಬಾಯಿ ತೆರೆಯಿತು. ಬಸರಿ ಮರ ಹಿಂದಾಯಿತು. ಏಳು. ಬೆನ್ನಿನ ಹಿಂದೆ ಯಾರೋ ನನ್ನ ಪರವಾಗಿ ಕಿರುಚುತ್ತಿದ್ದ ಹಾಗಿತ್ತು. ಎಂಟು. ಆಗ ನಾನು ಆ ಇನ್ನೊಂದು ಮುಳ್ಳನ್ನು, ವೇಗದ ಮುಳ್ಳನ್ನು ನೋಡಿದೆ. ಐವತ್ತೆಂಟು. ನನ್ನ ಸ್ವಂತ ಕಾರಿನಲ್ಲಿ, ನಾಲ್ಕನೇ ಗೇರಿನಲ್ಲಿ, ನಾಳೆಯ ತಿಂಡಿಯ ಬಗ್ಗೆ ಯೋಚಿಸುತ್ತ ನಾನು ದಿನಾ ಹೋಗುವ ವೇಗ ಅದು. ಇಷ್ಟು ವರ್ಷ ನಾನು ಹೆದರಿದ್ದು ಬರೀ ಸದ್ದಿಗೆ.

ವಾಪಸು ಬಂದಾಗ ಬೆತ್ತದ ಕುರ್ಚಿ ಖಾಲಿ ಇತ್ತು. ಅಕ್ಕ ಬುಟ್ಟಿ ಸೀಟಿನಲ್ಲೇ ಬಿಟ್ಟು ಇಳಿದರು. ಆಮೇಲೆ ಕಂಡಿತು: ಕಾಫಿ ಒಣಗಿಸುವ ಕಣದ ಆಚೆ ತುದಿಯಲ್ಲಿ, ಗದ್ದೆಯ ಬದಿಯ ಬೇಲಿ ಹಿಡಿದುಕೊಂಡು ಭಾವ ನಿಂತಿದ್ದರು. ಜಗಲಿಯಿಂದ ಅಲ್ಲಿಗೆ ಆರು ಮೆಟ್ಟಿಲು, ಆಮೇಲೆ ಇಡೀ ಕಣ. ಅವರ ಊರುಗೋಲು ಕುರ್ಚಿಯ ಹತ್ತಿರವೇ ಬಿದ್ದಿತ್ತು.

"ಎಂಟು ಸಾವಿರದ ಇನ್ನೂರು," ಎಂದರು. "ಮೂರಕ್ಕೆ ಹಾಕುವುದು ತಡ ಆಯ್ತು."

"ಬುಟ್ಟಿ ಅಡ್ಡ ಇತ್ತು" ಎಂದೆ.

ಮಂಗಳೂರಿನವರು ಮಧ್ಯಾಹ್ನ ಬಂದರು, ಪಂದಿಕರಿ ಊಟ ಮಾಡಿ ಹೋದರು.

ಅಂದಿನಿಂದ ಪ್ರತಿ ಭಾನುವಾರ ನಾನು ಹೋಗುತ್ತೇನೆ. ಭಾವ ಈಗ ಬೇಲಿಯವರೆಗಲ್ಲ, ಗದ್ದೆ ದಾಟಿ ಬಸರಿ ಮರದವರೆಗೆ ನಡೆದು ಹೋಗಿ ನಿಲ್ಲುತ್ತಾರೆ, ಹತ್ತಿರದಿಂದ ಕೇಳಲಿಕ್ಕೆ. ಕ್ಲಚ್ಚು ಮಾತ್ರ ಈಗಲೂ ಆಗುವುದಿಲ್ಲ. ನನ್ನ ಧೈರ್ಯ ಆ ಏರಿನಷ್ಟೇ ಉದ್ದ. ಇಳಿದ ಕೂಡಲೇ ಕಲ್ಲು ಹುಡುಕುತ್ತೇನೆ.

ಮೊನ್ನೆ ಫೋನಿನಲ್ಲಿ ಭಾವ ಇನ್ನೂ ಕಾಯುತ್ತಿದ್ದರು. ನಾನು ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು ಗುಂಡಿಯನ್ನು ಮೂರಕ್ಕೆ ತಿರುಗಿಸಿದೆ. ಒಳಕೋಣೆಯಿಂದ ಹೆಂಡತಿ, "ಅಡುಗೆಮನೆಯಲ್ಲಿ ಯಾರು?" ಎಂದಳು.

ಭಾವ ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಜಾರಿನೊಳಗೆ ಕಾಯಿ ಉಂಟು ತಾನೇ? ಖಾಲಿ ಅಲ್ಲವಲ್ಲ?"

"ಅರ್ಧ ಹೋಳಿನ ತುರಿ ಉಂಟು ಭಾವ."

"ಹ್ಞಾಂ. ಗೊತ್ತಾಗ್ತದೆ," ಎಂದರು. "ಕೈ ತೆಗೀಬೇಡ."