ಒಂದು ವರ್ಷ ಬಿಚ್ಚದ ಗಂಟು

ಶಿರಾದ ಬಾಡಿಗೆ ಮನೆಗೆ ನಾವು ಬಂದ ದಿನ, ಮನೆಯ ಒಡತಿ ಖೈರುನ್ನಿಸಾ ಗೇಟಿನಲ್ಲೇ ನಿಂತು ರಸ್ತೆ ನೋಡುತ್ತಿದ್ದಳು. ನಾವು ಮೆಟ್ಟಿಲು ಹತ್ತಿ ಬೀಗ ತೆಗೆದ ಮೇಲೂ ಅಲ್ಲಿಂದ ಕದಲಲಿಲ್ಲ.

"ಸಾಮಾನ್ ಎಲ್ಲಿ ಅಜ್ಜ? ಲಾರಿ ಹಿಂದೆ ಬರ್ತೈತಾ?"

"ಲಾರಿ ಇಲ್ಲಮ್ಮ. ಇಷ್ಟೇ" ಎಂದು ಮೂರು ಗಂಟು ತೋರಿಸಿದೆ. ಹೆಂಡತಿ ಚಿತ್ತಮ್ಮನ ತಲೆಯ ಮೇಲೆ ಒಂದು, ನನ್ನ ಕೈಯಲ್ಲಿ ಎರಡು, ಹೆಗಲ ಮೇಲೆ ಕಂಬಳಿ.

"ಇಷ್ಟೇನಾ? ನನ್ ಮೊಮ್ಮಗಳು ನೆಂಟರ ಮನೆಗೆ ಹೋದ್ರೂ ಇದಕ್ಕಿಂತ ಜಾಸ್ತಿ ಹೊರ್ತಾಳೆ."

ನಾನು ಹೆಮ್ಮೆಯಿಂದ ನಕ್ಕೆ. ಚಿತ್ತಮ್ಮ ನೆಲ ನೋಡಿದಳು.

ನಮ್ಮದು ಮಿಡಿಗೇಶಿ ಹತ್ತಿರದ ಹಟ್ಟಿ. ಹತ್ತನೇ ತರಗತಿ ಮುಗಿಸಿಯೂ ಅಪ್ಪನ ಕುರಿಗಳ ಹಿಂದೆಯೇ ಹೋದವನು ನಾನು. ಮಂಡಿ ಸೋತ ಮೇಲೆ ಮಂದೆ ಮಾರಿದೆ. ಶಿರಾದ ಕುರಿ ಸಂತೆಯಲ್ಲಿ ವ್ಯಾಪಾರಿಗಳಿಗೆ ಕುರಿಯ ಹಲ್ಲು ನೋಡಿ ವಯಸ್ಸು, ಬೆನ್ನು ಮುಟ್ಟಿ ತೂಕ ಹೇಳುವ ಕೆಲಸ ಸಿಕ್ಕಿತು. ಅದಕ್ಕೇ ಇಲ್ಲಿಗೆ ಬಂದೆವು. ಬಸ್ಸಿನಲ್ಲಿ ಲೆಕ್ಕ ಹಾಕಿದರೆ ದೂರವೇನಲ್ಲ. ಆದರೆ ಅಲ್ಲಿ ಎದ್ದ ಕೂಡಲೇ ಬೆಟ್ಟ ಕಾಣುತ್ತಿತ್ತು, ಇಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಅಲ್ಲಿ ನಾಯಿಯ ದನಿಯಲ್ಲೇ ಬಂದವರು ನಮ್ಮವರೋ ಹೊರಗಿನವರೋ ತಿಳಿಯುತ್ತಿತ್ತು. ಇಲ್ಲಿ ಯಾರು ಬಾಗಿಲು ತಟ್ಟಿದರೂ ಎದೆ ಹಾರುತ್ತದೆ.

ಕೆಳಗೆ ಖೈರುನ್ನಿಸಾಳ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕೆಟ್ಟ ಫ್ರಿಜ್ಜಿನೊಳಗೆ ಬಟ್ಟೆ, ಮಂಚದ ಕೆಳಗೆ ಮೂರು ಕುಕ್ಕರು, ಗೋಡೆಯಲ್ಲಿ ನಿಂತುಹೋದ ಎರಡು ಗಡಿಯಾರ. ಮೇಲೆ ನಮ್ಮ ಮನೆಯಲ್ಲಿ ಕೆಮ್ಮಿದರೆ ಮರುದನಿ. ಮನೆಯಲ್ಲಿ ವಸ್ತು ಕಡಿಮೆಯಿದ್ದಷ್ಟೂ ನೆಮ್ಮದಿ ಎಂದು ಪೇಪರಿನಲ್ಲಿ ಬಂದದ್ದನ್ನು ಚಿತ್ತಮ್ಮನಿಗೆ ಓದಿ ಹೇಳಿದೆ.

"ಪೇಪರ್‌ನೋರು ನಮ್ ಹಟ್ಟಿಗೆ ಯಾವಾಗ್ ಬಂದಿದ್ರೋ" ಎಂದಳು.

ಅಡುಗೆ ಮುಗಿದ ಮೇಲೆ ಅವಳು ಪಾತ್ರೆ ತೊಳೆದು, ಒರೆಸಿ, ಮತ್ತೆ ಗಂಟು ಕಟ್ಟಿ ಗೋಡೆಗೊರಗಿಸುತ್ತಿದ್ದಳು. ಶೆಲ್ಫು ಖಾಲಿ ಇತ್ತು.

"ಲೇ, ಅಲ್ಲಿ ಇಡಬಾರ್ದಾ?"

"ಎದ್ದೋಗೋರಿಗೆ ಸೆಲ್ಪು ಯಾಕೆ?"

"ಇನ್ನೆಲ್ಲಿಗೆ ಹೋಗ್ತೀವೇ? ಸಂತೆಯಿಂದ ನಿಂಗೇನಾದ್ರೂ ತರ್ಲಾ?"

"ನಂಗೇನ್ ಬೇಕು?"

ಮೂರು ಗಂಟಿನಲ್ಲಿ ಚಿಕ್ಕದೊಂದು ಅವಳದು. ಅದನ್ನು ಅವಳು ಬಿಚ್ಚಲೇ ಇಲ್ಲ. ತಿಂಗಳುಗಳು ಕಳೆದು ವರ್ಷವಾಯಿತು. ನಾನು ಊರು ಕಲಿತೆ, ಸಂತೆಯಲ್ಲಿ ಉರ್ದುವಿನಲ್ಲಿ ಚೌಕಾಸಿ ಮಾಡುವಷ್ಟಾದೆ. ಅವಳು ಮಾತ್ರ ಬಸ್ಸಿಗೆ ಕಾಯುವವಳಂತೆ ಗಂಟಿನ ಪಕ್ಕ ಕೂತಿರುತ್ತಿದ್ದಳು.

ಒಂದು ದಿನ ಖೈರುನ್ನಿಸಾ ಮೆಟ್ಟಿಲ ಮೇಲೆ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆ ಉಜ್ಜುತ್ತಿದ್ದಳು.

"ನೀನು ಎಲೆ ಹಾಕಲ್ವಲ್ಲಮ್ಮ, ಇದ್ಯಾಕೆ?" ಎಂದೆ.

"ಅಮ್ಮಂದು ಅಜ್ಜ. ಅಮಾನತ್."

ಅಮಾನತ್ ಎಂದರೆ ನಂಬಿ ಕೈಗೆ ಕೊಟ್ಟ ವಸ್ತು. ಕೊಟ್ಟವರು ಹೋದ ಮೇಲೂ ಕಾಯಬೇಕಾದದ್ದು. ಪಕ್ಕದಲ್ಲಿ ಕೂತಿದ್ದ ಚಿತ್ತಮ್ಮ ಎದ್ದು ಮೇಲೆ ಹೋದಳು. ಅವಳ ಬೆನ್ನು ನೋಡುತ್ತಿದ್ದಂತೆ ನನಗೆ ರಾಯಚರ್ಲಿನ ಹೊಲ ನೆನಪಾಯಿತು.

ಅಲ್ಲಿಯವರೆಗೆ ಯಾರಿಗೂ ಹೇಳಿರದಿದ್ದುದನ್ನು ಈಗ ಬರೆಯುತ್ತೇನೆ. ಮದುವೆಯಾದ ವರ್ಷ ಚಿತ್ತಮ್ಮ ತವರಿನಿಂದ ತಾಯಿಯ ಬೀಸುಕಲ್ಲು ತಂದಿದ್ದಳು. ಬೇಸಿಗೆಯಲ್ಲಿ ಪಾವಗಡದ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಲು ಹೊರಟಾಗ ಅದನ್ನು ಕತ್ತೆಯ ಮೇಲೆ ಹೇರಿಸಿಕೊಂಡಳು. ರಾಯಚರ್ಲು ತಲುಪುವಷ್ಟರಲ್ಲಿ ಕತ್ತೆ ಕುಂಟತೊಡಗಿತು. ಹೊರಲಾರದ್ದು ನಮ್ಮದಲ್ಲ ಎಂದು ಹೇಳಿ, ಬದುವಿನ ಹೊಂಗೆ ಮರದಡಿ ಕಲ್ಲಿನ ಎರಡೂ ಹೋಳು ಇಳಿಸಿದೆ. "ಮುಂದಿನ್ ವರ್ಸ ಇದೇ ದಾರೀಲಿ ಬಂದು ತಗೊಳನ" ಎಂದಳು. ಹೂಂ ಎಂದೆ. ಮರುವರ್ಷ, ಆ ಕಡೆ ಹುಲ್ಲಿಲ್ಲ ಎಂದು ಸುಳ್ಳು ಹೇಳಿ ಬೇರೆ ದಾರಿ ಹಿಡಿದೆ. ಹುಲ್ಲಿತ್ತು. ಕಲ್ಲು ಹೊರುವುದು ನನಗೆ ಬೇಡವಾಗಿತ್ತು, ಅಷ್ಟೇ. ಅದರ ಮುಂದಿನ ವರ್ಷವೂ ಹಾಗೇ ಮಾಡಿದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಬೀಸಲು ಜೀವಮಾನವಿಡೀ ನೆರೆಮನೆಗಳಿಗೆ ಮೊರ ಹಿಡಿದು ಹೋದಳು. ಬೇಕು ಎನ್ನುವ ಮಾತು ಅವಳ ಬಾಯಿಂದ ಹೋದದ್ದು ಹೀಗೆ.

ಮರುದಿನ ಸಂತೆ ಕೆಲಸವೆಂದು ಹೇಳಿ ಪಾವಗಡದ ಬಸ್ಸು ಹತ್ತಿದೆ. ರಾಯಚರ್ಲಿನಲ್ಲಿ ನಾವು ಮಂದೆ ನಿಲ್ಲಿಸಿದ್ದ ಹೊಲ ಗುರುತೇ ಸಿಗಲಿಲ್ಲ. ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕ, ಸುತ್ತ ತಂತಿ ಬೇಲಿ. ಬೇಲಿಯ ಹೊರಗೆ ಮೇಕೆ ಕಾಯುತ್ತಿದ್ದ ಮುದುಕಿಯನ್ನು ಹೆಂಡತಿಯ ಬೀಸುಕಲ್ಲಿನ ಬಗ್ಗೆ ಕೇಳಿದೆ.

"ತಿರಗಲಿ ಹುಡಿಕ್ಕಂಡು ಬಂದ್ಯಾ ಪೆದ್ದಾಯನಾ?" ಎಂದು ನಕ್ಕಳು. ಆ ಕಡೆಯ ತೆಲುಗಿನಲ್ಲಿ ತಿರಗಲಿ ಎಂದರೆ ಬೀಸುಕಲ್ಲು, ಪೆದ್ದಾಯನ ಎಂದರೆ ಹಿರಿಯ. "ಹೊಂಗೆ ಮರಾನೇ ಇಲ್ಲ, ಬದೂನೂ ಇಲ್ಲ. ಕಲ್ಲು ಯಾರು ಮಡಗ್ತಾರೆ? ನಿನ್ ಹೆಂಡ್ತಿಗೆ ಮಿಕ್ಸಿ ಕೊಡ್ಸೋಗು."

ಬರಿಗೈಯಲ್ಲಿ ಮರಳಿ, ಚಿತ್ತಮ್ಮನ ಎದುರು ಕೂತು ಎಲ್ಲ ಹೇಳಿದೆ. ಹುಲ್ಲಿನ ಸುಳ್ಳನ್ನೂ ಹೇಳಿದೆ.

"ಹುಲ್ಲಿತ್ತು ಅಂತ ನಂಗೊತ್ತಿತ್ತು" ಎಂದಳು. ನನ್ನ ಕಾಲು ನೋಡಿ, "ಈ ಮಂಡಿ ಇಟ್ಕಂಡು ಅಲ್ಲೀಗಂಟ ಹೋಗಿದ್ದಾ?"

ಎದ್ದು ಚಿಕ್ಕ ಗಂಟನ್ನು ತಂದು ಬಿಚ್ಚಿದಳು. ಎರಡು ಸೀರೆಯ ನಡುವೆ ಗೇಣುದ್ದದ ಮರದ ಗೂಟ, ಹಿಡಿದೂ ಹಿಡಿದೂ ನುಣುಪಾದದ್ದು. ಬೀಸುಕಲ್ಲಿನ ಹಿಡಿ ಅದು.

"ನೀನ್ ಕಲ್ಲು ಬೇಡ ಅಂದೆ. ಗೂಟ ಬೇಡ ಅನ್ಲಿಲ್ವಲ್ಲ."

ಹಿಂದಿನ ಬಾಡಿಗೆಯವರು ಗೋಡೆಯಲ್ಲಿ ಬಿಟ್ಟುಹೋದ ತೂತೊಂದಿತ್ತು. ಅವಳು ಗೂಟಕ್ಕೆ ಚಿಂದಿ ಸುತ್ತಿ, ಗುಂಡುಕಲ್ಲಿನಿಂದ ಅದರೊಳಕ್ಕೆ ಹೊಡೆದಳು. ಕೆಳಗಿನಿಂದ ಖೈರುನ್ನಿಸಾ ಕೂಗಿದಳು: "ಅಜ್ಜಿ, ಗೋಡೆ ಬೀಳಿಸ್ತೀಯಾ?"

"ಬೀಳಲ್ಲ ಕಣಮ್ಮ, ಸಾಮಾನ್ ಬಂತು" ಎಂದಳು ಚಿತ್ತಮ್ಮ. ನನ್ನ ಹೆಗಲ ಮೇಲಿನ ಕಂಬಳಿ ಎಳೆದು ಆ ಗೂಟಕ್ಕೆ ನೇತು ಹಾಕಿದಳು.

ಕಡಿಮೆ ಸಾಮಾನಿನ ಬದುಕೇ ಒಳ್ಳೆಯದೆಂದು ಇವತ್ತಿಗೂ ನನ್ನ ನಂಬಿಕೆ. ಆದರೆ ಯಾವುದು ಬೇಡ ಎಂಬುದನ್ನು ಈಗ ನಾನೊಬ್ಬನೇ ಹೇಳುವುದಿಲ್ಲ. ಪಾತ್ರೆಗಳು ಶೆಲ್ಫಿಗೆ ಬಂದಿವೆ. ಮೊನ್ನೆ ಅವಳು ಕನ್ನಡಿ ಬೇಕೆಂದಳು. ದೊಡ್ಡದನ್ನೇ ತಂದೆ.

ಆದರೂ ಹಟ್ಟಿಯ ಕಡೆಯಿಂದ ಗಾಳಿ ಬಂದಾಗ ನನಗೆ ಹಿಂಡಿನ ವಾಸನೆ ಬಂದಂತಾಗುತ್ತದೆ, ಕೈ ತಾನಾಗಿ ಕಂಬಳಿಯ ಕಡೆ ಹೋಗುತ್ತದೆ. ಸಂತೆಗೆ ಅದನ್ನು ಹೊದ್ದೇ ಹೋಗುತ್ತೇನೆ. ಸಂಜೆ ಬಂದಾಗ ಚಿತ್ತಮ್ಮ ಏನೂ ಕೇಳುವುದಿಲ್ಲ. ಒಲೆಯ ಮುಂದೆ ಬೆನ್ನು ಮಾಡಿ ನಿಂತಿರುತ್ತಾಳೆ. ನಾನು ಕಂಬಳಿಯನ್ನು ಗೂಟಕ್ಕೆ ಹಾಕಿದೆನೋ ಇಲ್ಲವೋ ಎಂದು ಒಮ್ಮೆ ಮಾತ್ರ ತಿರುಗಿ ನೋಡುತ್ತಾಳೆ.